ಸಂಪಿಗೆ ಕುದುರೆಯ ಪಾಲು

ಒಂದಾನೊಂದು ಕಾಲಕ್ಕೆ, ತೀರ ಹಿಂದೇನಲ್ಲ, ಕಲ್ಲುಗಳು ಮಾತಾಡುವುದನ್ನು ಬಿಟ್ಟಿದ್ದವು, ಮನುಷ್ಯರು ಇನ್ನೂ ಇಷ್ಟೊಂದು ಮಾತಾಡಲು ಕಲಿತಿರಲಿಲ್ಲ, ಅಂಥ ಕಾಲಕ್ಕೆ ಗುಬ್ಬಿಹಾಳ ಅಂತ ಒಂದೂರು. ಆ ಊರಲ್ಲಿ ಹುಲಿಗೆವ್ವ ಅನ್ನುವ ಹೆಣ್ಣುಮಗಳಿದ್ದಳಂತೆ. ಕೆರೆಯ ಕೋಡಿಯ ಆಚೆಗೆ ಹದಿನೇಳು ಗುಡಿಸಲಿನ ಒಂದು ಕೇರಿ, ತೊಗಲು ಹದ ಮಾಡುವವರ ಕೇರಿ. ಆ ಕೇರಿಗೆ ಇವಳೇ ಹಿರಿಯಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬ ಮಗ, ಒಬ್ಬಳು ಸೊಸೆ ನೀಲವ್ವ. ಮಗನಿಗೆ ಕೈಕೆಲಸ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹುಲಿಗೆವ್ವನಿಗೆ ಎರಡೂ ಬರುತ್ತಿದ್ದವು. ಸುಣ್ಣದ ನೀರಲ್ಲಿ ಎಷ್ಟು ದಿನ ನೆನೆಯಬೇಕು, ತಂಗಡಿ ತೊಗಟೆಯ ನೀರಲ್ಲಿ ಎಷ್ಟು ದಿನ ಕೊಳೆಯಬೇಕು ಅಂತ ಅವಳು ತೊಗಲನ್ನು ಎರಡು ಬೆರಳಲ್ಲಿ ಹಿಂಡಿ ಹೇಳಿದರೆ ಮುಗಿಯಿತು, ಮತ್ತೆ ಯಾರೂ ಎದುರಾಡುತ್ತಿರಲಿಲ್ಲ.

ಆ ಊರ ದೊರೆ ಕಾಟಣ್ಣನಾಯಕ. ದೊರೆ ಅಂದಕೂಡಲೆ ಆನೆ, ಅಂಬಾರಿ, ಏಳು ಸುತ್ತಿನ ಕೋಟೆ ಅಂತ ಕಣ್ಣು ಅಗಲಿಸಬೇಡಿ. ಹನ್ನೆರಡು ಹಳ್ಳಿಯ ದೊರೆ ಅವನು. ಮಣ್ಣಿನ ಕೋಟೆ, ಮರದ ಬಾಗಿಲು, ಬಾಗಿಲಲ್ಲಿ ಕೊಂಬು ಊದುವುದಕ್ಕೆ ಬರಮಣ್ಣ ಅಂತ ಒಬ್ಬ, ಲಾಯದಲ್ಲಿ ಒಂದೇ ಒಂದು ಕುದುರೆ. ಹೆಣ್ಣು ಕುದುರೆ. ಮೈ ಸಂಪಿಗೆ ಹೂವಿನ ಬಣ್ಣ, ಅದಕ್ಕೆ ಹೆಸರೂ ಸಂಪಿಗೆ. ದೂರದ ವ್ಯಾಪಾರಿಗಳು ಮರಿಯಾಗಿದ್ದಾಗ ತಂದು ಕೊಟ್ಟದ್ದು. ಅದಕ್ಕಿಂತ ಮುಂಚೆ ಆ ಊರವರು ಕುದುರೆಯನ್ನು ಕಂಡದ್ದು ಗುಡಿಯ ಗೋಡೆಯ ಮೇಲೆ, ಅದೂ ಸುಣ್ಣದಲ್ಲಿ ಬರೆದದ್ದು.

ನಾಯಕನಿಗೆ ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ದೂರದ ಊರಿಗೆ ಕೊಟ್ಟಿದ್ದ. ಮನುಷ್ಯರ ಹತ್ತಿರ ಹೇಳಲು ನಾಲಿಗೆ ಹೊರಳದ ಮಾತನ್ನೆಲ್ಲ ಸಂಪಿಗೆಯ ಕಿವಿಯಲ್ಲಿ ಹೇಳುತ್ತಿದ್ದ. ಅದು ಕಿವಿ ಹಿಂದೆ ಮುಂದೆ ಮಾಡಿ ಕೇಳುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಅಂಥ ಗೆಳೆಯರು ನಮಗೂ ನಿಮಗೂ ಎಲ್ಲಿ ಸಿಗಬೇಕು.

ಹುಲಿಗೆವ್ವನಿಗೂ ಆ ಕುದುರೆಗೂ ಮಾತ್ರ ಆಗುತ್ತಿರಲಿಲ್ಲ. ಅದರ ಲಗಾಮು, ಜೀನು, ಪಟ್ಟಿ ಎಲ್ಲ ಇಪ್ಪತ್ತು ವರ್ಷದಿಂದ ಇವಳೇ ಮಾಡಿದ್ದು. ಆದರೂ ಇವಳು ಲಾಯದ ಹತ್ತಿರ ಬಂದರೆ ಸಂಪಿಗೆ ಮೂಗು ಅರಳಿಸಿ ಹಿಂದೆ ಹಿಂದೆ ಸರಿಯುತ್ತಿತ್ತು. ತೊಗಲಿನ ಗುಂಡಿಯ ವಾಸನೆ ಅದಕ್ಕೆ ಗೊತ್ತಾಗುತ್ತಿತ್ತು. ಲಾಯ ನೋಡಿಕೊಳ್ಳುವ ಇಮಾಮಸಾಬ ನಗುತ್ತಿದ್ದ. "ನೋಡು ಹುಲಿಗೆಕ್ಕ, ನಿನ್ನ ಕಂಡ್ರ ಯಮನ ಕಂಡಂಗ ಮಾಡ್ತೈತಿ."

"ಮಾಡ್ಲಿ ಬಿಡೋ," ಅನ್ನುತ್ತಿದ್ದಳು ಹುಲಿಗೆವ್ವ. "ನನ್ನ ಕಡೆ ಬರಾಕ ಯಾರಿಗೂ ಅವಸರ ಇರೂದಿಲ್ಲ."

ಆ ಊರಿಗೆ ಒಂದು ಪದ್ಧತಿ ಇತ್ತಂತೆ. ಎತ್ತು ಸಾಯಲಿ, ಎಮ್ಮೆ ಸಾಯಲಿ, ಹೊತ್ತು ಮುಳುಗುವುದರೊಳಗೆ ಅದು ಊರ ಗಡಿ ದಾಟಬೇಕು. ಕೋಡಿಯ ಆಚೆ ಹದ್ದಿನ ಬಂಡೆ ಅಂತ ಒಂದು ದೊಡ್ಡ ಬಂಡೆ, ಅಲ್ಲಿಗೆ ಹೋಗಬೇಕು. ಅಲ್ಲಿ ಹುಲಿಗೆವ್ವನ ಕೇರಿಯವರು ಅದನ್ನು ಬಿಡಿಸಿ ಪಾಲು ಹಾಕಬೇಕು. ತೊಗಲು ಕೇರಿಗೆ. ಗೊರಸು ಕಮ್ಮಾರನಿಗೆ. ಬಾಲದ ಕೂದಲು ಜರಡಿ ಹೆಣೆಯುವವಳಿಗೆ. ಕೊಂಬು ಕೊಂಬಿನವನಿಗೆ. ಮಾಂಸ ಹದ್ದಿಗೆ. ಎಲುಬು ಬಂಡೆಯ ಮೇಲೆ ಬಿಸಿಲು ಕಾಯಬೇಕು, ರೋಹಿಣಿ ಮಳೆ ಬಿದ್ದ ದಿನ ರೈತರು ಬಂದು ಒಯ್ದು ಹೊಲದ ಮೂಲೆಯಲ್ಲಿ ಹೂಳಬೇಕು. ಪಾಲು ಯಾರ ಮನೆಯದೋ ಆ ಮನೆ ಸೇರದಿದ್ದರೆ ಸತ್ತ ಜೀವಕ್ಕೆ ದಾರಿ ಸಿಗುವುದಿಲ್ಲ ಅಂತ ಅವರ ನಂಬಿಕೆ.

ಹೀಗಿರುವಾಗ ನಾಯಕನ ಮಗಳು ಚೊಚ್ಚಲು ಬಸುರಿ, ದಿನ ತುಂಬಿದ್ದಾಳೆ ಅಂತ ಸುದ್ದಿ ಬಂತು. ಏಳು ದಿನದ ದಾರಿ. ಸಂಪಿಗೆಗೆ ವಯಸ್ಸಾಗಿತ್ತು, ಹಲ್ಲು ಸವೆದಿತ್ತು. ಅದನ್ನು ಬಿಟ್ಟು ನಾಯಕ ಮೇನೆ ಹತ್ತಿ ಹೊರಟ. ಹೊರಡುವಾಗ ಅದರ ಕುತ್ತಿಗೆ ತಬ್ಬಿಕೊಂಡು, ಬೇಗ ಬರ್ತೀನಿ ಅಂತ ಹೇಳಿಯೇ ಹೊರಟ. ಅವನು ಹೋದ ನಾಲ್ಕನೆಯ ದಿನ ಬೆಳಿಗ್ಗೆ ಇಮಾಮಸಾಬ ಹುಲ್ಲು ಹಾಕಲು ಹೋದರೆ ಸಂಪಿಗೆ ಮಲಗಿದ್ದು ಮಲಗಿದ ಹಾಗೇ ಇತ್ತು. ರೋಗ ಇಲ್ಲ, ನರಳಾಟ ಇಲ್ಲ. ವಯಸ್ಸಾದ ಹೆಂಗಸು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾಳಲ್ಲ, ಹಾಗೆ ಹೋಗಿತ್ತು.

ಊರ ಹಿರಿಯರು ಕಟ್ಟೆಗೆ ಕೂಡಿದರು. ದೊರೆಗೆ ಆಳು ಕಳಿಸೋಣ ಅಂದ ಒಬ್ಬ. ಊರ ಗೌಡ ತಲೆ ಅಲ್ಲಾಡಿಸಿದ. "ಆಳು ಮುಟ್ಟೂದ್ರಾಗ ಅದು ಬಾಣಂತಿ ಮನಿ ಆಗಿರ್ತೈತಿ. ಬಾಣಂತಿ ಮನಿಗಿ ಸಾವಿನ ಸುದ್ದಿ ಒಯ್ಯಾಕ ಬರ್ತೈತೇನು?" ಅದೂ ಸರಿ ಅನ್ನಿಸಿತು ಎಲ್ಲರಿಗೂ.

"ಹಂಗಾರ ದೊರಿ ಬರೂತನಕ ಹಂಗ ಇಡಬೇಕೇನು?" ಅಂದ ಇಮಾಮಸಾಬ.

"ಹೊತ್ತು ಮುಳುಗೂದ್ರಾಗ ಗಡಿ ದಾಟಬೇಕಲ್ಲ," ಅಂದ ಗೌಡ.

"ಅದು ಎತ್ತಿನ ಪದ್ಧತಿ. ಇದು ಕುದುರಿ."

"ಕುದುರಿ ಪದ್ಧತಿ ನಿನಗ ಗೊತ್ತೈತೇನು?" ಇಮಾಮಸಾಬನಿಗೂ ಗೊತ್ತಿರಲಿಲ್ಲ. ಆ ಊರಲ್ಲಿ ಅದುವರೆಗೆ ಒಂದು ಕುದುರೆಯೂ ಸತ್ತಿರಲಿಲ್ಲವಲ್ಲ, ಸಾಯಲು ಇದ್ದದ್ದೇ ಒಂದು. ಬಹಳ ಹೊತ್ತು ಯೋಚನೆ ಮಾಡಿದರು, ಎಲೆ ಅಡಿಕೆ ಮುಗಿಯಿತು. ಕೊನೆಗೆ ಗೌಡ ಅಂದ, "ನಾಕು ಕಾಲು ಐತಿ, ಒಂದು ಬಾಲ ಐತಿ, ಹುಲ್ಲು ತಿಂತಿತ್ತು. ಎತ್ತಿನ ಪದ್ಧತಿನ ನಡೀಲಿ." ಹಾಗೆ ತೀರ್ಮಾನವಾಯಿತು. ಹುಲಿಗೆವ್ವನಿಗೆ ಕರೆ ಹೋಯಿತು.

ಹುಲಿಗೆವ್ವ ಬಂದಳು. ಲಾಯದೊಳಗೆ ಹೋಗಿ ಕುದುರೆಯ ಪಕ್ಕ ಕುಕ್ಕುರು ಕೂತಳು. ಇಪ್ಪತ್ತು ವರ್ಷ ಹತ್ತಿರ ಬಿಡದಿದ್ದ ಕುದುರೆ. ಅವಳು ಹಣೆಯ ಮೇಲೆ ಕೈ ಇಟ್ಟಳು, ಕುತ್ತಿಗೆ ಸವರಿದಳು. ಅದು ಸರಿದುಹೋಗಲಿಲ್ಲ. ಅವಳಿಗೆ ಅಳು ಬಂತು. ನೂರಾರು ದನ ಬಿಡಿಸಿದವಳು, ಯಾವುದಕ್ಕೂ ಅತ್ತಿರಲಿಲ್ಲ. "ಇವತ್ತ ಮುಟ್ಟಿಸಿಕೊಂಡಿಯಲ್ಲ ನನ ತಾಯಿ," ಅಂದಳಂತೆ.

ಹದ್ದಿನ ಬಂಡೆಯ ಮೇಲೆ ಪಾಲು ಹಾಕುವಾಗ ಕೊಂಬಿನ ಬರಮಣ್ಣನೂ ಬಂದು ನಿಂತಿದ್ದ. ನೀವು ನಗಬೇಡಿ, ಪಾಪ, ಅವನ ಅಪ್ಪನ ಕಾಲದಿಂದ ಒಂದು ದನವೂ ಅವನ ಮನೆಗೆ ಪಾಲು ಕೊಡದೆ ಸತ್ತಿರಲಿಲ್ಲ. ಅವನು ಕುದುರೆಯ ತಲೆಯ ಎಡಗಡೆ ನೋಡಿದ, ಬಲಗಡೆ ನೋಡಿದ, ಕಿವಿಯ ಹಿಂದೆ ಬೆರಳಾಡಿಸಿ ನೋಡಿದ.

"ನನ್ನ ಪಾಲು ಎಲ್ಲೈತಿ?"

"ದೇವ್ರು ಕೊಟ್ಟಿಲ್ಲಪ್ಪ, ನಾ ಎಲ್ಲಿಂದ ತರ್ಲಿ?" ಅಂದಳು ಹುಲಿಗೆವ್ವ. "ಹಲ್ಲು ಅದಾವ, ತಗೋತಿಯೇನು?"

"ಹಲ್ಲು ಊದಾಕ ಬರ್ತಾವೇನು?" ಅಂತ ಬರಮಣ್ಣ ಮೋರೆ ಊದಿಸಿಕೊಂಡು ಹೋದ. ಆ ಸಿಟ್ಟು ಅವನ ಹೊಟ್ಟೆಯಲ್ಲಿ ಎರಡು ತಿಂಗಳು ಕೂತಿತ್ತು.

ಉಳಿದ ಪಾಲು ಅವರವರ ಮನೆ ಸೇರಿದವು. ಜರಡಿ ಸಂಕವ್ವನಿಗೆ ಸಂಪಿಗೆಯ ಬಾಲ ಸಿಕ್ಕಾಗ ಅವಳು ಅಂಗಳದಲ್ಲಿ ಅದನ್ನು ಉದ್ದಕ್ಕೆ ಹಾಸಿ ನೋಡುತ್ತಾ ಕೂತಳಂತೆ. ಎತ್ತಿನ ಬಾಲದ ಕೂದಲು ಗಿಡ್ಡ, ಗಂಟು ಹಾಕಿ ಹಾಕಿ ಹೆಣೆಯಬೇಕು. ಇದು ಎರಡು ಮೊಳ ಉದ್ದ, ಒಂದು ಗಂಟಿಲ್ಲ. ಮೂರು ಜರಡಿ ಹೆಣೆದಳು. ಅದರಲ್ಲಿ ಹಿಟ್ಟು ಸಾಣಿಸಿದರೆ ನುಣ್ಣಗೆ ಬೀಳುತ್ತಿತ್ತು, ಬಿತ್ತನೆ ಬೀಜ ಸಾಣಿಸಿದರೆ ಒಂದು ಜೊಳ್ಳೂ ಮೇಲೆ ಉಳಿಯುತ್ತಿರಲಿಲ್ಲ.

ಕಮ್ಮಾರ ಮಾನಪ್ಪ ನಾಲ್ಕು ಗೊರಸನ್ನೂ ಚೂರು ಮಾಡಿದ. ಇದ್ದಿಲಿನ ಜೊತೆ ಮಣ್ಣಿನ ಗಡಿಗೆಯಲ್ಲಿ ತುಂಬಿ, ಅದರೊಳಗೆ ನೇಗಿಲ ಕುಳದ ತುದಿಗಳನ್ನು ಹೂತು, ಬಾಯಿ ಮೆತ್ತಿ ಸುಟ್ಟ. ಹಾಗೆ ಸುಟ್ಟರೆ ಮೆತ್ತಗಿನ ಕಬ್ಬಿಣ ಗಟ್ಟಿಯಾಗುತ್ತದೆ, ಕಲ್ಲು ನೆಲಕ್ಕೂ ಮೊಂಡಾಗುವುದಿಲ್ಲ. ಹದಿನಾರು ಕುಳ ಆದವು, ಹದಿನಾರು ಮನೆಗೆ ಹೋದವು.

ತೊಗಲು ಹುಲಿಗೆವ್ವನ ಕೈಯಲ್ಲಿ ಉಳಿಯಿತು. ಬಾವಿಯಿಂದ ನೀರೆತ್ತುವ ಬಾನಿ ಮಾಡೋಣವೆಂದರೆ ತೆಳು, ಕಲ್ಲಿಗೆ ಉಜ್ಜಿದರೆ ಹರಿದೀತು. ಮೆಟ್ಟು ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಮಾನಪ್ಪನ ತಿದಿ ಹಳೆಯದಾಗಿ ಮೂರು ಕಡೆ ಬಿರಿದಿತ್ತು, ಒತ್ತಿದರೆ ಗಾಳಿ ಬೆಂಕಿಗೆ ಹೋಗುವ ಬದಲು ಅವನ ಮುಖಕ್ಕೇ ಬರುತ್ತಿತ್ತು. ಅವಳು ನಲವತ್ತು ದಿನ ಹದ ಹಾಕಿ, ಎಣ್ಣೆ ಸವರಿ, ಒಂದು ಹೊಸ ತಿದಿ ಹೊಲಿದು ಕೊಟ್ಟಳು. ತಿದಿ ಒತ್ತಿದ ಮೊದಲ ದಿನ ಒಲೆಯ ಬೆಂಕಿ ಆಳುದ್ದ ಎದ್ದಿತಂತೆ.

ಎರಡು ತಿಂಗಳಿಗೆ ಕಾಟಣ್ಣನಾಯಕ ತಿರುಗಿ ಬಂದ. ಮೊಮ್ಮಗಳು ಹುಟ್ಟಿದ್ದಳು, ಮುಖದ ತುಂಬ ನಗು. ಕೋಟೆ ಬಾಗಿಲಿಗೆ ಮೇನೆ ಬಂತು, ಬರಮಣ್ಣ ಕೊಂಬು ಊದಲಿಲ್ಲ.

"ಯಾಕೋ ಬರಮಣ್ಣ, ಉಸಿರು ಹೋಗೈತೇನು?"

"ಉಸಿರು ಐತ್ರಿ ದೊರಿ. ಹಳೇ ಕೊಂಬು ಸೀಳೈತಿ. ಹೊಸಾದು ಬರ್ತಿತ್ತು, ನಿಮ್ಮ ಸಂಪಿಗಿಗೆ ಕೊಂಬ ಇರ್ಲಿಲ್ಲ. ಎಲ್ಲಾರಿಗೂ ಪಾಲು ಸಿಕ್ತು, ನನಗೊಬ್ಬನಿಗೆ ಇಲ್ಲ."

ನಾಯಕ ಮೇನೆ ಇಳಿದ. ನೆಟ್ಟಗೆ ಲಾಯಕ್ಕೆ ಹೋದ. ಬರಿದಾದ ಲಾಯದ ಹೊಸ್ತಿಲ ಮೇಲೆ ಕೂತು, ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಅವನು ಕೂಗಾಡಿದ್ದರೆ ಊರವರು ಹೆದರುತ್ತಿರಲಿಲ್ಲ, ಕೂಗಾಡದೆ ಇದ್ದದ್ದಕ್ಕೆ ಹೆದರಿದರು. ಇಳಿಹೊತ್ತಿಗೆ ಹುಲಿಗೆವ್ವನನ್ನು ಕರೆಸಿದ.

"ಹುಲಿಗೆವ್ವ, ನಾ ಸಂಪಿಗಿಗೆ ಮಾತು ಕೊಟ್ಟು ಹೋಗಿದ್ದೆ, ಬರ್ತೀನಿ ಅಂತ. ಬಂದೀನಿ. ಆಕಿ ಎಲ್ಲಿ?"

"ಊರ ಪದ್ಧತಿ ಮಾಡೀವ್ರಿ ದೊರಿ."

"ನನ್ನ ಸಂಪಿಗಿ ಎತ್ತಲ್ಲ. ಆಕಿನ್ನ ನೀವು ಹರದು ಹಂಚೀರಿ. ಎಂಟು ದಿನ ಕೊಡ್ತೀನಿ. ಯಾರ್ ಯಾರ ಮನ್ಯಾಗ ಏನೇನೈತಿ, ಎಲ್ಲಾ ತಂದು ಈ ಅಂಗಳಕ್ಕ ಹಾಕಬೇಕು. ಆಕಿ ಪೂರಾ ನನ್ನ ಮುಂದ ಇರಬೇಕು. ಒಂದು ಕೂದಲು ಕಮ್ಮಿ ಆದ್ರ ನಿನ್ನ ಕೇರಿ ಗಂಟು ಕಟ್ಟಿಕೊಂಡು ಊರು ಬಿಡಬೇಕು."

"ದೊರಿ, ನನ್ನ ಸೊಸಿಗೂ ದಿನ ತುಂಬ್ಯಾವ್ರಿ. ಈ ಬಿಸಿಲಾಗ..."

ನಾಯಕ ಮುಖ ಆ ಕಡೆ ತಿರುಗಿಸಿದ. ಅವಳಿಗೆ ಅರ್ಥವಾಯಿತು, ದುಃಖ ಬಂದ ಮನುಷ್ಯನಿಗೆ ಕಿವಿ ಇರುವುದಿಲ್ಲ. ಆ ಸಂಜೆಯೇ ಕೇರಿಯ ಹದಿನೇಳು ಗುಡಿಸಲಲ್ಲೂ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟರು. ನೀಲವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಅತ್ತಿ, ಎಷ್ಟು ದೂರ ನಡೀಬೇಕಾಗ್ತೈತಿ?" ಅಂದಳು. ಅವರನ್ನು ಸೇರಿಸಿಕೊಳ್ಳುವ ಊರು ಹತ್ತಿರದಲ್ಲಿ ಯಾವುದೂ ಇರಲಿಲ್ಲ.

ಮರುದಿನದಿಂದ ಹುಲಿಗೆವ್ವ ಮನೆ ಮನೆ ತಿರುಗಿದಳು. ಸಂಕವ್ವ ಜರಡಿಯಲ್ಲಿದ್ದ ಹಿಟ್ಟು ಕೊಡವಿ, ಸೆರಗಲ್ಲಿ ಒರೆಸಿ ಕೈಗೆ ಕೊಟ್ಟಳು. "ಒಯ್ಯವ್ವ. ನಮ್ಮ ರೊಟ್ಟಿ ಒರಟಾದ್ರ ಆಗ್ಲಿ, ನಿಮ್ಮ ಕೇರಿ ಉಳೀಲಿ." ಹದಿನಾರು ಮನೆಯವರು ಹದಿನಾರು ಕುಳ ಬಿಚ್ಚಿ ಕೊಟ್ಟರು. ಮಾನಪ್ಪ ತಿದಿ ಬಿಚ್ಚಿ ಹೆಗಲ ಮೇಲೆ ಹೊತ್ತು ತಾನೇ ಬಂದ. ಬಂಡೆಯ ಮೇಲೆ ಬಿಸಿಲಲ್ಲಿ ಬೆಳ್ಳಗಾಗಿದ್ದ ಎಲುಬನ್ನು ಹುಲಿಗೆವ್ವ ಮಗನ ಜೊತೆ ಒಂದೊಂದೇ ಆರಿಸಿ ಬುಟ್ಟಿ ತುಂಬಿದಳು. ಹಲ್ಲು ಸಹ ಬಿಡಲಿಲ್ಲ. ಎಂಟನೆಯ ದಿನ ಎಲ್ಲವೂ ನಾಯಕನ ಅಂಗಳದಲ್ಲಿ ರಾಶಿಯಾಗಿ ಬಿದ್ದವು.

ನಾಯಕ ರಾಶಿಯ ಸುತ್ತ ಮೂರು ಸುತ್ತು ಬಂದ. ಜರಡಿ ಮುಟ್ಟಿ ನೋಡಿದ, ಕುಳ ಮುಟ್ಟಿ ನೋಡಿದ.

"ಮಾಂಸ ಎಲ್ಲಿ?"

ಹುಲಿಗೆವ್ವ ಮೇಲೆ ಕೈ ತೋರಿಸಿದಳು. ಕೋಡಿಯ ಮೇಲೆ ಎರಡು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. "ಅಲ್ಲಿ ಹಾರಾಕತ್ತೈತ್ರಿ. ಕರದ್ರ ಬರೂದಿಲ್ಲ."

ನಾಯಕ ಮೇಲೆ ನೋಡಿದ. ಆಮೇಲೆ ಕೆಳಗೆ ರಾಶಿ ನೋಡಿದ. "ಇದು ನನ್ನ ಸಂಪಿಗಿ ಅಲ್ಲ. ಸಂಪಿಗಿ ಉಸಿರಾಡ್ತಿದ್ಲು. ಬಾಲ ಬೀಸ್ತಿದ್ಲು. ಕಾಲು ನೆಲಕ್ಕ ಊರಿ ನಡೀತಿದ್ಲು. ಇದು ಒಂದು ರಾಶಿ ಸಾಮಾನು. ನಾಳಿ ಬೆಳಿಗ್ಗೆ ನೀವು ಊರು ಬಿಡ್ರಿ."

ಹುಲಿಗೆವ್ವ ರಾಶಿ ನೋಡಿದಳು, ದೊರೆಯ ಮುಖ ನೋಡಿದಳು. ಸುಮ್ಮನೆ ಹೋಗಿಬಿಡೋಣ ಅಂತ ಒಂದು ಗಳಿಗೆ ಅನ್ನಿಸಿತಂತೆ. ಸೊಸೆಯ ನೆನಪಾಯಿತು.

"ದೊರಿ, ಒಂದ್ ಮಾತು ಕೇಳ್ತೀನಿ. ಕುದುರಿನ್ನ ಅಂಗಳದಾಗ ಕಟ್ಟಿಹಾಕಿದ್ರ ಅದು ನಡೀತೈತೇನ್ರಿ?"

"ಇಲ್ಲ."

"ಮತ್ತ ಇದನ್ನ ಕಟ್ಟಿ ಹಾಕೀರಿ. ಒಂದು ದಿನ ಹೊರಗ ಬಿಡ್ರಿ. ನೀವೂ ಹಿಂದಿಂದ ಬರ್ರಿ. ಉಸಿರು ಕಾಣಲಿಲ್ಲಂದ್ರ, ನಡಿಗಿ ಕಾಣಲಿಲ್ಲಂದ್ರ, ನಾವು ಅಲ್ಲಿಂದನ ಹೊಂಡ್ತೀವಿ. ಕೇರಿಗೆ ತಿರುಗಿ ಹೋಗೂದಿಲ್ಲ."

ನಾಯಕನಿಗೆ ಅವಳ ಮಾತು ಹುಚ್ಚು ಅನ್ನಿಸಿತು. ಆದರೂ ಕಳೆದುಕೊಂಡವನು ಅಲ್ಲವೆ, ಎಲ್ಲಿ ನೋಡು ಅಂದರೆ ಅಲ್ಲಿ ನೋಡುತ್ತಾನೆ. ಆಗಲಿ ಅಂದ. ಮರುದಿನ ಬೆಳಿಗ್ಗೆ ಎಲ್ಲರೂ ಬಂದು ತಮ್ಮ ತಮ್ಮ ಸಾಮಾನು ಹೊತ್ತು ಹೊರಟರು. ಎಲುಬೂ ಬಿಸಿಲು ಕಾಯಲು ಬಂಡೆಗೆ ಹೋಯಿತು.

ಮೊದಲು ಮಾನಪ್ಪನ ಕುಲುಮೆ. ಅವನು ತಿದಿ ಕಟ್ಟಿದ, ಒತ್ತಿದ. ತಿದಿ ಉಬ್ಬಿತು, ಇಳಿಯಿತು. ಉಬ್ಬಿತು, ಇಳಿಯಿತು. ನಾಯಕ ಹತ್ತಿರ ಹೋದ. ಕೊಳವೆಯನ್ನು ಬೆಂಕಿಯಿಂದ ಈಚೆ ತಿರುಗಿಸು ಅಂತ ಸನ್ನೆ ಮಾಡಿ, ಅದರ ಬಾಯಿಗೆ ಅಂಗೈ ಒಡ್ಡಿದ. ಬಿಸಿ ಬಿಸಿ ಗಾಳಿ ಕೈಗೆ ತಾಗಿತು. ಬೆಲ್ಲ ತಿನ್ನಿಸುವಾಗ ಸಂಪಿಗೆಯ ಮೂಗಿನಿಂದ ಅವನ ಅಂಗೈಗೆ ತಾಗುತ್ತಿದ್ದುದು ಇದೇ ಗಾಳಿ. ಅವನು ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ. ಮಾನಪ್ಪ ಏನೂ ಕಾಣದವನ ಹಾಗೆ ತಿದಿ ಒತ್ತುತ್ತಲೇ ಇದ್ದನಂತೆ.

ಅಲ್ಲಿಂದ ಸಂಕವ್ವನ ಅಂಗಳ. ಸಂಕವ್ವ ಕಾಲು ಚಾಚಿ ಕೂತು ಜರಡಿ ಆಡಿಸುತ್ತಿದ್ದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಅವಳ ಸುತ್ತ ಹಿಟ್ಟಿಗೆ ಕಾದು ಆರು ಮನೆಯ ಹೆಂಗಸರು ಕೂತಿದ್ದರು. "ಬರ್ರಿ ದೊರಿ," ಅಂದಳು, "ನಿಮ್ಮ ಸಂಪಿಗಿ ಬಾಲಕ್ಕ ಬಿಡುವ ಇಲ್ಲ. ಮೊದಲ ನೊಣ ಹೊಡೀತಿತ್ತು, ಈಗ ಹೊಟ್ಟು ಹೊಡೀತೈತಿ." ಹೆಂಗಸರು ನಕ್ಕರು. ನಾಯಕನೂ ನಗಲು ಹೋದ, ಪೂರಾ ಬರಲಿಲ್ಲ.

ಆಮೇಲೆ ಹೊಲ. ನಾಲ್ಕು ಹನಿ ಕೃತ್ತಿಕೆ ಮಳೆ ಬಿದ್ದಿತ್ತು, ನೇಗಿಲು ಹೂಡಿದ್ದರು. ನಾಯಕ ಒಬ್ಬ ರೈತನ ಹಿಂದೆ ಸಾಲಿನಲ್ಲಿ ನಡೆದ. ಕುಳ ನೆಲದೊಳಗೆ ಇಳಿದು ಕಲ್ಲು ಸರಿಸುತ್ತ ಹೋಗುತ್ತಿತ್ತು. ಹೊಲದ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ನಾಯಕನ ಕಾಲಿಗೆ ಬಿಸಿ ಮಣ್ಣು ಮೆತ್ತಿಕೊಂಡಿತು.

"ನೋಡ್ರಿ ದೊರಿ," ಅಂದಳು ಬದುವಿನ ಮೇಲೆ ನಿಂತಿದ್ದ ಹುಲಿಗೆವ್ವ. "ಮೊದಲ ನಾಕು ಕಾಲಾಗ ಓಡ್ತಿದ್ಲು. ಈಗ ಹದಿನಾರು ಕಾಲಾಗ ನಡೀತಾಳ."

ಸಂಜೆಗೆ ಎಲ್ಲರೂ ಸಾಮಾನು ತಂದು ಅಂಗಳಕ್ಕೆ ಒಪ್ಪಿಸಿದರು. ನಾಯಕ ಒಬ್ಬೊಬ್ಬರನ್ನೇ ತಡೆದು ಕೇಳಿದ. "ಇವತ್ತ ಎಷ್ಟು ದುಡದ್ಲು? ದಣದ್ಲೇನು? ಎಲ್ಲ್ಯಾರ ಎಡವಿದ್ಲೇನು?" ಮಾನಪ್ಪ ಹೇಳಿದ, ಸಂಕವ್ವ ಹೇಳಿದಳು, ರೈತರು ಹೇಳಿದರು. ಮೊದಲು ಸಂಕೋಚದಿಂದ ಹೇಳಿದರು, ಆಮೇಲೆ ಸ್ವಲ್ಪ ಸೇರಿಸಿ ಹೇಳಿದರು. ಕೊನೆಗೆ ನಾಯಕ ಹುಲಿಗೆವ್ವನ ಕಡೆ ತಿರುಗಿದ.

"ನಾಳಿನೂ ನೋಡ್ತೀನಿ. ಬೆಳಿಗ್ಗೆ ಹೋಗ್ಲಿ, ಸಂಜಿಗೆ ಬರ್ಲಿ. ಸಂಜಿಗೆ ಒಂದು ಕೂದಲು ತಪ್ಪಿದ್ರೂ ನನ್ನ ಮಾತು ಹಂಗ ಐತಿ. ಗಂಟು ಬಿಚ್ಚಬ್ಯಾಡ್ರಿ."

ಹಾಗೆ ಒಂದು ದಿನ ಆಯಿತು, ಎರಡು ದಿನ ಆಯಿತು, ನಾಲ್ಕು ದಿನ ಆಯಿತು. ಬೆಳಿಗ್ಗೆ ಸಂಪಿಗೆ ಹೊರಗೆ ಹೋಗುವುದು, ಸಂಜೆ ಮನೆಗೆ ಬರುವುದು. ನಾಯಕ ಊಟ ಮಾಡತೊಡಗಿದ. ಆದರೆ ಕೇರಿಯಲ್ಲಿ ಗಂಟು ಬಾಗಿಲ ಪಕ್ಕದಲ್ಲೇ ಇದ್ದವು. ಅಡುಗೆಗೆ ಒಂದು ಗಡಿಗೆ ಬೇಕಾದರೆ ಗಂಟು ಬಿಚ್ಚಿ ತೆಗೆಯುವುದು, ಉಂಡು ತೊಳೆದು ಮತ್ತೆ ಗಂಟು ಕಟ್ಟುವುದು. ನೀಲವ್ವ ಬೆನ್ನು ನೋಯುತ್ತದೆ ಅನ್ನುತ್ತಿದ್ದಳು. ಹುಲಿಗೆವ್ವ ದಿನಾ ಸಂಜೆ ಬೆರಳಲ್ಲಿ ಎಣಿಸುತ್ತಾ ಒಂದೊಂದು ಸಾಮಾನು ಅಂಗಳಕ್ಕೆ ಬರುವುದನ್ನು ಕಾಯುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ರೋಹಿಣಿ ಮಳೆ ಬಂತು. ಬಂತು ಅಂದರೆ ಹಾಗೆ ಹೀಗೆ ಅಲ್ಲ, ಎರಡು ತಾಸು ಬಿಡದೆ ಸುರಿಯಿತು. ಅದು ನಿಂತು ಜಿನುಗಾದದ್ದೇ ತಡ, ಊರಿಗೆ ಊರೇ ಹೊಲಕ್ಕೆ ಇಳಿಯಿತು. ಮಣ್ಣಿನ ಹದ ಒಂದು ದಿನ ಇರುತ್ತದೆ, ಎರಡು ದಿನ ಇರುತ್ತದೆ, ದೊರೆಗಾಗಿ ಕಾಯುತ್ತದೆಯೇ.

ಹೊತ್ತು ಇಳಿಯುತ್ತಾ ಬಂದಾಗ ಹುಲಿಗೆವ್ವ ಸಾಮಾನು ಕೂಡಿಸಲು ಹೊರಟಳು. ಕುಲುಮೆಯ ಮುಂದೆ ಬಿತ್ತುವ ಕೂರಿಗೆಯ ತಾಳಿಗೆ ಮೊನೆ ಮಾಡಿಸಲು ಮೂವತ್ತು ಜನ ಕಾಯುತ್ತಿದ್ದರು, ಮಾನಪ್ಪನ ತಿದಿ ಏದುಸಿರು ಬಿಡುತ್ತಿತ್ತು. ಸಂಕವ್ವನ ಅಂಗಳದಲ್ಲಿ ಮೂರು ಜರಡಿಯಲ್ಲೂ ಬಿತ್ತನೆ ಜೋಳ ಆಡುತ್ತಿತ್ತು. ಹೊಲದಲ್ಲಿ ಹದಿನಾರು ನೇಗಿಲೂ ನಿಂತಿರಲಿಲ್ಲ. ನಿಲ್ಲಿಸಿ, ಕೊಡಿ ಅಂತ ಹುಲಿಗೆವ್ವನಿಗೆ ಬಾಯಿ ಬರಲಿಲ್ಲ. ಕೇಳಿದ್ದರೆ ಅವರು ಕೊಡುತ್ತಿದ್ದರು, ಅದೇ ಅವಳಿಗೆ ಕಷ್ಟವಾಗಿತ್ತು.

ಬಂಡೆಯ ಹತ್ತಿರ ಬಂದರೆ ಬಂಡೆ ಬರಿದಾಗಿತ್ತು. ಮಳೆ ಬಿದ್ದ ದಿನದ ಪದ್ಧತಿ, ರೈತರು ಎಂದಿನಂತೆ ಬಂದು ಎಲುಬು ಒಯ್ದಿದ್ದರು. ಒಬ್ಬ ಮುದುಕ ತನ್ನ ಹೊಲದ ಮೂಲೆಯಲ್ಲಿ ಕುಣಿ ತೋಡಿ, ಸಂಪಿಗೆಯ ಬೆನ್ನೆಲುಬು ಇಳಿಸುತ್ತಿದ್ದ. 'ತಡಿ' ಅನ್ನಲು ಹುಲಿಗೆವ್ವ ಬಾಯಿ ತೆರೆದಳು. ಮುದುಕ ಎಲುಬನ್ನು ಮಗುವನ್ನು ಮಲಗಿಸುವ ಹಾಗೆ ಇಡುತ್ತಿದ್ದ. ಅವಳು ಬಾಯಿ ಮುಚ್ಚಿದಳು, ಬಗ್ಗಿದಳು, ಹಸಿ ಮಣ್ಣು ಒಂದು ಹಿಡಿ ತೆಗೆದು ತಾನೂ ಹಾಕಿದಳು.

ಅಲ್ಲಿಂದ ನೆಟ್ಟಗೆ ಕೋಟೆಗೆ ನಡೆದಳು. ಜಿನುಗು ಮಳೆಯಲ್ಲಿ ಕಾಟಣ್ಣನಾಯಕ ಬಾಗಿಲಲ್ಲೇ ನಿಂತಿದ್ದ, ಹಿಂದೆ ಬರಿದಾದ ಅಂಗಳ. ಅವನ ಆಳುಗಳು ಕೋಲು ಹಿಡಿದು ತಯಾರಾಗಿದ್ದರು, ಹೋಗಿ ಕಸಿದುಕೊಂಡು ಬರೋಣವೇ ಅಂತ ಕೇಳುತ್ತಿದ್ದರು.

"ಸಂಪಿಗಿ ಎಲ್ಲಿ?" ಅಂದ ನಾಯಕ.

"ಹೊಲದಾಗ ಅದಾಳ್ರಿ."

"ಹೊತ್ತು ಮುಳುಗಾಕ ಬಂತು. ಯಾಕ ಬರ್ಲಿಲ್ಲ?"

"ನಾನು ಕರೀಲಿಲ್ರಿ ದೊರಿ. ಕರಿಯಾಕ ಹೋಗಿದ್ದೆ, ಮನಸು ಬರ್ಲಿಲ್ಲ. ಎಲುಬು ಮಣ್ಣಿಗೆ ಹೋದ್ವು, ಇನ್ನ ತಿರುಗಿ ಬರೂದಿಲ್ಲ. ನಾನೂ ಒಂದ್ ಹಿಡಿ ಮಣ್ಣು ಹಾಕೀನಿ. ತಪ್ಪು ನಂದು, ಊರವ್ರದಲ್ಲ." ಅವಳು ಸೆರಗಿನಿಂದ ಮುಖದ ನೀರು ಒರೆಸಿಕೊಂಡಳು. "ಗಂಟು ಕಟ್ಟಿದ್ದು ಕಟ್ಟಿದಂಗ ಅದಾವ. ನಾಳಿ ಹೊಂಡ್ತೀವಿ. ಸೊಸಿ ಒಬ್ಬಾಕಿ ಹಡಿಯೂತನಕ ಇರ್ಲಿ ಅನ್ರಿ, ಅಷ್ಟ ಸಾಕು."

ಹೊಲದ ಕಡೆಯಿಂದ ಎತ್ತುಗಳನ್ನು ಗದರುವ ದನಿ ಬರುತ್ತಿತ್ತು, ಯಾರೋ ನಗುವ ದನಿ ಬರುತ್ತಿತ್ತು, ಕುಲುಮೆಯಿಂದ ತಿದಿಯ ದನಿ ಬರುತ್ತಿತ್ತು. ನಾಯಕ ಕಿವಿಗೊಟ್ಟು ಎಲ್ಲ ಕೇಳಿದ. ಆಳುಗಳಿಗೆ ಕೋಲು ಕೆಳಗಿಡಲು ಹೇಳಿದ.

"ಮಳಿ ಆಗೈತಿ," ಅಂದ. "ಇನ್ನ ಹಸಿರು ಮೇವು ಬರ್ತೈತಿ. ಆಕಿನ್ನ ಯಾರೂ ಕರಿಯಾಕ ಹೋಗಬ್ಯಾಡ್ರಿ. ಅಲ್ಲೇ ಇರ್ಲಿ, ಮೇಯಲಿ."

ಹುಲಿಗೆವ್ವ ನಿಂತೇ ಇದ್ದಳು. ಅವಳಿಗೆ ಕೇಳಿದ್ದು ನಂಬಿಕೆಯಾಗಿರಲಿಲ್ಲ.

"ನೀ ಯಾಕ ನಿಂತಿ?" ಅಂದ ನಾಯಕ. "ಹೋಗು. ಮನಿಗಿ ಹೋಗಿ ಗಂಟು ಬಿಚ್ಚು."

ಆ ಸಂಜೆ ಕೇರಿಯ ಹದಿನೇಳು ಗುಡಿಸಲಲ್ಲೂ ಗಡಿಗೆ ಮಡಕೆ ಗಂಟಿನಿಂದ ಹೊರಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಮೂರನೆಯ ದಿನಕ್ಕೆ ನೀಲವ್ವ ತನ್ನ ಮನೆಯಲ್ಲೇ, ತನ್ನ ಚಾಪೆಯ ಮೇಲೇ ಹೆಣ್ಣು ಹಡೆದಳು. ಮಗುವಿಗೆ ಸಂಪಿಗೆವ್ವ ಅಂತ ಹೆಸರಿಟ್ಟರೆ ಏನಾದರೂ ತಪ್ಪೇ ಅಂತ ಹುಲಿಗೆವ್ವ ಕೇಳಿ ಕಳಿಸಿದಳಂತೆ. ನಾಯಕ ಉತ್ತರ ಹೇಳಿ ಕಳಿಸಲಿಲ್ಲ, ತಾನೇ ನಡೆದುಕೊಂಡು ಕೋಡಿ ದಾಟಿ ಬಂದು ತೊಟ್ಟಿಲು ತೂಗಿ ಹೋದ.

ಅವರು ಅಲ್ಲಿ ಬಿತ್ತಿ ಬೆಳೆದು ಉಂಡರು, ನಾವು ಇಲ್ಲಿ ಹೇಳಿ ಕೇಳಿ ಹೊಟ್ಟೆ ತುಂಬಿಸಿಕೊಂಡೆವು. ಹೇಳಿದವರಿಗೆ ಒಂದು ಗುಟುಕು ನೀರು ಕೊಡಿ, ಕೇಳಿದವರು ಎದ್ದು ಮನೆಗೆ ಹೋಗಿ.